ಈರವ್ವನ ಕಡೀ ತುತ್ತು

"ಶ್! ಸುಮ್ಮನ ನಿಲ್ರಿ. ಒಳಗ ಉಣ್ಣಾಕತ್ತಾರ."

ಆ ಮನೆಯಲ್ಲಿ ಗುರುಬಸವನ ಕಿವಿಗೆ ಬಿದ್ದ ಮೊದಲ ಮಾತು ಇದು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಸುತ್ತಿದ ಗಾದಿ, ಬಗಲಲ್ಲಿ ಟೇಬಲ್ ಫ್ಯಾನು. ಬೈರಿದೇವರಕೊಪ್ಪದ ಆ ಮನೆಯ ಮಹಡಿಯನ್ನು ಫೋನಿನಲ್ಲೇ ಬಾಡಿಗೆಗೆ ಹಿಡಿದಿದ್ದ. ಕೀಲಿ ಇಸಿದುಕೊಳ್ಳಲು ಬಂದರೆ, ಮನೆಯೊಡತಿ ತನ್ನದೇ ಮನೆಯ ಹೊರಗೆ, ಮುಚ್ಚಿದ ಬಾಗಿಲಿಗೆ ಬೆನ್ನು ಹಚ್ಚಿ ಮೆಟ್ಟಿಲ ಮೇಲೆ ಕೂತಿದ್ದಳು. ತುಟಿಯ ಮೇಲೆ ಬೆರಳು. ಬೆರಳಿನ ಮೇಲ್ಗಡೆ ಎರಡು ದೊಡ್ಡ ಕಣ್ಣು, ಗದರಿಸಲು ಹೋಗಿ ನಡುವೆಯೇ ನಕ್ಕುಬಿಡುವಂಥವು.

ಗುರುಬಸವ ಫ್ಯಾನು ಅವುಚಿಕೊಂಡು ಹಾಗೇ ನಿಂತ. ದೀಪ ಹಚ್ಚುವ ಹೊತ್ತು. ಒಳಗೆ ತಾಟೊಂದು ನೆಲದ ಮೇಲೆ ಸ್ವಲ್ಪವೇ ಸರಿದ ಸದ್ದಾಯಿತು.

ಸ್ವಲ್ಪ ಹೊತ್ತಿಗೆ ಅವಳು ಎದ್ದು, ಕೆಮ್ಮಿ, ತನ್ನ ಮನೆಯ ಬಾಗಿಲನ್ನು ತಾನೇ ಬಡಿದು ಒಳಗೆ ಹೋದಳು. ಕೀಲಿ ತಂದು ಅವನ ಅಂಗೈಗೆ ಹಾಕಿ, "ತಪ್ಪ ತಿಳೀಬ್ಯಾಡ್ರಿ ಸರ್. ನಾ ಶಿವಲೀಲಾ. ಫೋನಿನ್ಯಾಗ ಮಾತಾಡಿದಾಕಿ ನಾನ," ಎಂದಳು.

ಗಂಡ ಊಟಕ್ಕೆ ಕೂತರೆ ಮಾತಾಡಬಾರದೆನ್ನುವ ಮನೆತನ ಇರಬೇಕು ಅಂದುಕೊಂಡ ಗುರುಬಸವ. ಯಾವನೋ ಪುಣ್ಯವಂತ. ಮಹಡಿ ಹತ್ತುವಾಗ ಅವನಿಗೆ ಸೂಟ್‌ಕೇಸು ಬರುವಾಗಿನದಕ್ಕಿಂತ ಭಾರವೆನಿಸಿತು.

ಗುರುಬಸವ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳುವವನು. ಬೆಳಿಗ್ಗೆ ಧಾರವಾಡ, ಮಧ್ಯಾಹ್ನ ಹುಬ್ಬಳ್ಳಿ, ನಡುವೆ ಚಿಗರಿ ಬಸ್ಸು. ಊಟವೆಂದರೆ ಅವನಿಗೆ ಎರಡು ಕ್ಲಾಸುಗಳ ನಡುವೆ ನಿಂತುಕೊಂಡು ಮುಗಿಸುವ ಕೆಲಸ. ಕೈಯಲ್ಲಿ ಮಿರ್ಚಿ, ಕಣ್ಣು ಫೋನಿನಲ್ಲಿ. ಏನು ತಿಂದೆ ಎಂದು ಸಂಜೆ ಕೇಳಿದರೆ ನೆನಪಿರುತ್ತಿರಲಿಲ್ಲ. ಹೊಟ್ಟೆ ಉರಿದಾಗ ಮಾತ್ರ ತನಗೊಂದು ಹೊಟ್ಟೆಯಿದೆ ಎಂದು ಗೊತ್ತಾಗುತ್ತಿತ್ತು.

ಶಿವಲೀಲಾ ಅವನನ್ನು ಮೊದಲ ವಾರವೇ ಹಿಡಿದಳು. ಮೆಟ್ಟಿಲ ಮೇಲೆ ಎದುರಾದವನ ಕೈಯಲ್ಲಿ ಬಿಸ್ಕೀಟಿನ ದೊಡ್ಡ ಪ್ಯಾಕೆಟ್ಟಿತ್ತು.

"ಏನ್ರಿ ಸರ್, ರಾತ್ರಿ ಊಟಾನ ಇದು?"

"ಹೌದ್ರಿ. ಚಾದಾಗ ಅದ್ದಿದ್ರ ಭಾಳ ಛಲೋ ಹತ್ತತೈತಿ."

"ವಿದ್ಯಾನಗರದ ಆಸ್ಪತ್ರ್ಯಾಗ ಡಯೆಟಿಶಿಯನ್ ಇದ್ದೇನ್ರಿ ನಾ. ಇಂಥಾದ್ದನ್ನ ಬಿಡಸಾಕ ನನಗ ಪಗಾರ ಕೊಡ್ತಾರ."

"ಹಂಗಾರ ನನಗೂ ಒಂದೀಟು ಬುದ್ಧಿ ಹೇಳ್ರಿ ಮೇಡಮ್ಮರ. ಫುಕಟ್."

ಅವಳು ಹುಬ್ಬೇರಿಸಿದಳು. ಆ ಹುಬ್ಬಿನ ತುದಿಯಲ್ಲಿದ್ದ ಸಣ್ಣ ಮಚ್ಚೆ ಅವನಿಗೆ ಆಗಲೇ ಕಂಡಿದ್ದು. "ಕುಂತು ಉಣ್ರಿ. ಫೋನ್ ದೂರ ಇಡ್ರಿ. ಹಸಿವಾದ್ರ ಉಣ್ಣೂದು, ಸಾಕಾದ್ರ ಏಳೂದು. ಒಂದಿನಾ ಹೆಚ್ಚಾತಂತ ಮರದಿನಾ ಉಪಾಸ ಬಿದ್ದು ಹೊಟ್ಟಿಗೆ ಶಿಕ್ಷಾ ಕೊಡಬಾರದು. ಊಟಾ ಅಂದ್ರ ನಮ್ಮನ್ನ ನಾವ ಮಾತಾಡಸೂದು, ಅಷ್ಟ."

"ನೀವು ಹಂಗ ಉಣತೀರಿ ಹೌದಿಲ್ಲೋ?"

ನಗು ಅವಳ ಮುಖದ ಮೇಲೆ ಹಾಗೇ ನಿಂತಿತು. ಮುಂಗುರುಳು ಸರಿಸಲು ಕೈ ಎತ್ತಿದಳು. ಬಳೆಗಳು ಮಣಿಕಟ್ಟಿನಿಂದ ಜಾರಿ ಸೀದಾ ಮೊಣಕೈಗೆ ಹೋಗಿ ನಿಂತವು. ಅವಳು ಕೈಯನ್ನು ಲಗೂನೆ ದುಪಟ್ಟಾದೊಳಗೆ ಎಳೆದುಕೊಂಡು, "ಹೊತ್ತಾತ್ರಿ," ಎಂದು ಹೊರಟುಹೋದಳು.

ಅವತ್ತೂ ಸಂಜೆ ಅವಳು ಬಾಗಿಲು ಮುಚ್ಚಿ ಹೊರಗೆ ಕೂತಿದ್ದಳು. ಮಹಡಿಯ ಕಟಕಟೆಯಿಂದ ಗುರುಬಸವ ನೋಡಿದ. ಈ ಗಂಡ ಎಂಬಾತನ ಚಪ್ಪಲಿ ಹೊರಗಿಲ್ಲ, ಗಾಡಿಯಿಲ್ಲ, ಕೆಮ್ಮಿಲ್ಲ, ಒಣಹಾಕಿದ ಒಂದು ಅಂಗಿಯೂ ಇಲ್ಲ. ದಿನಾ ಹೊತ್ತು ಮುಳುಗುವಾಗ ಉಣ್ಣುತ್ತಾನೆ, ಅಷ್ಟೆ.

ಎದುರಿನ ಕಿರಾಣಿ ಅಂಗಡಿಯ ಚಾಂದಬಿಯನ್ನು ಕೇಳಿದ. "ಮಾಂಶಿ, ನಮ್ಮ ಮೇಡಮ್ಮರ ಯಜಮಾನ್ರು ಏನ್ ಮಾಡ್ತಾರ್ರಿ?"

"ಯಾರ ಯಜಮಾನ್ರು? ಲಗ್ನಾನ ಆಗಿಲ್ಲ ಹುಡುಗೀದು!"

"ಮತ್ತ ಒಳಗ ದಿನಾ ಉಣ್ಣೂರು ಯಾರ್ರಿ?"

ಚಾಂದಬಿ ತಕ್ಕಡಿಯ ಮೇಲಿನ ಅವಲಕ್ಕಿಯನ್ನು ಹಾಗೇ ಬಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಅವರವ್ವ ಈರವ್ವ. ಆಕಿ ತೀರಿಕೊಂಡು ವರ್ಷದ ಮ್ಯಾಲಾತು. ಹುಡುಗಿ ಕಣ್ಣಮುಂದ ಕರಗಾಕತ್ತಾಳ ಮಾಸ್ತರ. ನಾ ಡಬ್ಬಿ ಕಟ್ಟಿಕೊಟ್ರೂ ಹಂಗ ಹೊಳ್ಳಿ ಬರ್ತೈತಿ."

ಗಂಡನಿಲ್ಲ ಎಂದು ಗುರುಬಸವನ ಎದೆ ಹಗುರಾಯಿತು. ಅದೇ ಉಸಿರಿಗೆ ಕೈಮೇಲಿನ ಕೂದಲು ನಿಮಿರಿ ನಿಂತವು. ಎರಡೂ ಒಟ್ಟಿಗೇ ಆಗುತ್ತವೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಾನಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದು ಅವನ ಮನೆಯಲ್ಲೂ ಇತ್ತು. ತೀರಿಹೋದವರಿಗೆ ಸೇರುತ್ತಿದ್ದ ಅಡಿಗೆ ಮಾಡಿ, ತಾಟು ತುಂಬಿಸಿಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು. ಹಿರಿಯರು ಉಣ್ಣುವಾಗ ನೋಡಬಾರದು. ಆಮೇಲೆ ಕೆಮ್ಮಿ, ಬಾಗಿಲು ಬಡಿದು ಒಳಗೆ ಹೋಗಿ, ಆ ಎಡೆಯನ್ನು ಮನೆಯವರು ಉಣ್ಣಬೇಕು. ಆದರೆ ಅದು ವರ್ಷಕ್ಕೊಮ್ಮೆ. ದಿನಾ ಯಾರೂ ಇಡುವುದಿಲ್ಲ, ದಿನಾ ಬಂದು ಉಣ್ಣುವವರೂ ಇರುವುದಿಲ್ಲ.

ಮರುದಿನ ಸಂಜೆ ಗುರುಬಸವ ಕೆಳಗಿಳಿದು ಬಂದು ಅವಳ ಪಕ್ಕದ ಮೆಟ್ಟಿಲ ಮೇಲೆ ಕೂತ. ಅವಳು ಏಳ್ರಿ ಎನ್ನಲಿಲ್ಲ. ಇಬ್ಬರ ನಡುವೆ ಒಂದು ಗೇಣು ಜಾಗ. ಆ ಗೇಣನ್ನು ಅವಳು ಒಮ್ಮೆ ನೋಡಿದಳು, ಅವನನ್ನು ಒಮ್ಮೆ ನೋಡಿದಳು, ಆಮೇಲೆ ಸುಮ್ಮನೆ ರಸ್ತೆ ನೋಡಿದಳು.

"ಚಾಂದಬಿ ಮಾಂಶಿ ಹೇಳಿರಬೇಕು," ಎಂದಳು.

"ಹೇಳಿದ್ರು."

"ಹುಚ್ಚಿ ಅಂದ್ಕೊಂಡ್ರೇನು?"

"ಇಲ್ರಿ. ನಾನೂ ತಾಟಿನ ಸದ್ದು ಕೇಳೇನಿ."

ಅವಳು ತಟ್ಟನೆ ತಿರುಗಿದಳು. ಆ ಕಣ್ಣುಗಳಲ್ಲಿ ನೀರು ಬಂದು ನಿಂತದ್ದು ಅವನಿಗೆ ಕಂಡಿತು. ಇಷ್ಟು ದಿನ ಆ ಸದ್ದನ್ನು ಅವಳು ಒಬ್ಬಳೇ ಕೇಳಿದ್ದಳು.

"ಹೋದ ಮಾನಮಿಗೆ ಮೊದಲನೇ ಎಡಿ ಇಟ್ಟಿದ್ದೆ," ಎಂದು ಮೆಲ್ಲಗೆ ಶುರುಮಾಡಿದಳು. "ಅವತ್ತ ಬಂದ್ಲು. ಮರದಿನಾ ಸುಮ್ಮನ ಇಟ್ಟು ನೋಡಿದೆ. ಅವತ್ತೂ ಬಂದ್ಲು. ಆಮ್ಯಾಲ ಇಡೂದನ್ನ ಬಿಡಾಕ ಆಗಲಿಲ್ರಿ."

"ನಂತರ ಆ ಎಡಿ ನೀವು ಉಣತೀರಿಲ್ರಿ?"

ಅವಳು ಕೆಮ್ಮಿ ಬಾಗಿಲು ಬಡಿಯಲೆಂದು ಎದ್ದಳು. ಎದ್ದವಳು ಹಾಗೇ ವಾಲಿದಳು. ಗುರುಬಸವ ಹಿಡಿದುಕೊಳ್ಳದಿದ್ದರೆ ಮೆಟ್ಟಿಲಿಂದ ಕೆಳಗೆ ಬೀಳುತ್ತಿದ್ದಳು. ತಾನು ಹಿಡಿದದ್ದು ಮನುಷ್ಯಳನ್ನೋ ದುಪಟ್ಟಾವನ್ನೋ ಎನ್ನುವಷ್ಟು ಹಗುರಾಗಿದ್ದಳು. ಆ ಕ್ಷಣಕ್ಕೆ ಒಳಗಿನ ತಾಟು ದೊಡ್ಡದಾಗಿ ಸದ್ದು ಮಾಡಿತು. ಯಾರೋ ಏಳಲು ಹೋಗಿ, ಏಳಲಾಗದೆ ಮತ್ತೆ ಕೂತ ಹಾಗೆ.

ಅವನು ಕೆಮ್ಮಿದ. ಬಾಗಿಲು ಬಡಿದ. ಅವಳನ್ನು ಹಿಡಿದುಕೊಂಡೇ ಒಳಗೆ ಹೋದ.

ಈರವ್ವನ ಫೋಟೋದ ಮುಂದೆ ಮಣೆ. ಮಣೆಯ ಮುಂದೆ ತಾಟು. ರೊಟ್ಟಿ, ಹೆಸರುಕಾಳಿನ ಪಲ್ಯ, ಎಣ್ಣೆಗಾಯಿ, ಎಲ್ಲ ಇಟ್ಟದ್ದು ಇಟ್ಟಲ್ಲೇ ಇತ್ತು. ಅನ್ನ ಮೊಸರು ಮಾತ್ರ ಕಲಸಿತ್ತು. ತಾಟಿನ ಅಂಚಿನಲ್ಲಿ ಒಂದು ತುತ್ತು, ಶೇಂಗಾ ಚಟ್ನಿಯ ಹಿಂಡಿ ಹಚ್ಚಿ ದುಂಡಗೆ ಕಟ್ಟಿ ಇಟ್ಟದ್ದು. ಅದರ ಮೇಲೆ ಮೂರು ಬೆರಳಿನ ಗುರುತು ಇನ್ನೂ ಹಸಿಯಾಗಿತ್ತು.

ಗುರುಬಸವನಿಗೆ ಓಡಿಹೋಗಬೇಕೆನಿಸಿತು. ಓಡಿದರೆ ಅವಳು ಬೀಳುತ್ತಾಳೆ, ಅದಕ್ಕೆ ನಿಂತ.

"ಕಡೀ ತುತ್ತು," ಎಂದಳು ಶಿವಲೀಲಾ. "ಅವ್ವ ಬದುಕಿದ್ದಾಗಿಂದೂ ಹಿಂಗ. ಉಂಡಾದಮ್ಯಾಲ ಒಂದು ತುತ್ತು ಕಲಸಿ ನನಗಂತ ಇಡಾಕಿ. ಇದನ್ನ ನೀ ಉಂಡ್ರ ನನ್ನ ಊಟಾ ಮುಗಿದಂಗ ಅಂತಿದ್ಲು. ನಾ ಉಣ್ಣೂಮಟಾ ಏಳತಿರಲಿಲ್ಲ. ಅಲ್ಲೇ ಕುಂತಿರಾಕಿ."

"ಮತ್ತ ಉಣ್ರಿ ಇದನ್ನ."

"ಉಂಡ್ರ ಏಳ್ತಾಳ. ಎದ್ದ್ರ ಹೋಗ್ತಾಳ. ಹೋದ್ರ ಮತ್ತ ಬರೂದಿಲ್ಲ." ಅವಳು ಅವನ ಕೈ ಕೊಡವಿ ದೂರ ನಿಂತಳು. "ಮಂದೀಗೆ ಉಣ್ರಿ ಉಣ್ರಿ ಅಂತ ಹೇಳಿ ಬರ್ತೇನಿ, ಇಲ್ಲಿ ಬಂದ್ರ ಒಂದು ಅಗಳು ಇಳಿಯೂದಿಲ್ಲ. ಇದನ್ನ ಬಿಟ್ಟು ಬ್ಯಾರೆ ಹೆಂಗ ಉಣ್ಲಿ? ಅವ್ವ ನೋಡಾಕತ್ತಿರತಾಳ. ಅದಕ್ಕ ದಿನಾ ಎಡಿ ಆಕಳಿಗೆ ಹಾಕಿ ಬರ್ತೇನಿ. ನಿಮಗೇನ್ರಿ? ನೀವು ಬಾಡಿಗಿ ಇರೋರು, ಇವತ್ತ ಇರ್ತೀರಿ, ನಾಳೆ ಹೋಗ್ತೀರಿ."

"ನನಗ ನೀವು ಬೇಕ್ರಿ!"

ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ಆದರೂ ನಿಲ್ಲಿಸಲಿಲ್ಲ. "ಹಿಂಗ ಕರಗಿ ಹೋದ್ರ ಮುಂದಿನ ಮಾನಮಿಗೆ ಇದೇ ಬಾಗಲಾ ಮುಚ್ಚಿ ನಿಮಗ ಎಡಿ ಇಡೂದು ನನ್ನ ಪಾಲಿಗೆ ಬರ್ತೈತಿ. ನಾ ಇಡಂಗಿಲ್ಲ. ಬದುಕಿದ್ದಾಗನ ನಿಮ್ಮ ಕೂಡ ಕುಂತು ಉಣಬೇಕು ನಾ."

ಅವಳು ಅವನನ್ನೇ ನೋಡುತ್ತ ನಿಂತಳು. ಯಾರೂ ಕೂತಿರದ ಮಣೆ ಕಿರ್ ಎಂದಿತು. ಗುರುಬಸವ ಆ ಕಡೆ ನೋಡಿದ. ಅವನ ಹೆದರಿಕೆಯೊಳಗೆ ಇನ್ನೊಂದು ಸಂಕಟ ಬಂದು ಸೇರಿಕೊಂಡಿತು.

"ಹಂಗಾರ... ಹೋದ ಮಾನಮಿಯಿಂದ ಅವ್ವಾರು ಎದ್ದೇ ಇಲ್ಲೇನ್ರಿ?" ಎಂದ. "ಎಂಜಲಗೈಲೆ ಕುಂತಾರೇನು, ಇಷ್ಟು ದಿನಾ?"

ಶಿವಲೀಲಾಳ ಮುಖ ಬಿಳಿಚಿತು.

ಎಂಜಲುಗೈ ಒಣಗಿಸಿಕೊಂಡು ಕೂಡಬಾರದು. ಆ ಕಡೆಯ ಮಕ್ಕಳೆಲ್ಲ ಕೇಳಿ ಬೆಳೆದ ಬೈಗುಳ ಅದು. ಉಂಡವರನ್ನು ಕೈತೊಳೆಯಲು ಬಿಡದೆ ಮಾತಿಗೆ ಕೂಡಿಸಿಕೊಂಡರೆ ಪಾಪ ಅನ್ನುತ್ತಾರೆ. ಈರವ್ವನೇ ಮಗಳಿಗೆ ಅದನ್ನು ಎಷ್ಟು ಸಲ ಹೇಳಿದ್ದಳೋ.

"ಕೈ ಒಣಗಿರಬೇಕು ಅವ್ವಂದು," ಎಂದಳು ಅವಳು. ಧ್ವನಿ ಸಣ್ಣ ಹುಡುಗಿಯದಾಗಿತ್ತು. "ನಾ ಇದನ್ನ ವಿಚಾರನ ಮಾಡಲಿಲ್ಲಲ್ರಿ."

ಅವಳು ತಾಟಿನ ಮುಂದೆ ಕುಕ್ಕರಿಸಿದಳು. ಆ ತುತ್ತನ್ನು ಎತ್ತಿಕೊಂಡಳು. ಅಂಗೈಯಲ್ಲಿ ಅದನ್ನು ಹಿಡಿದುಕೊಂಡು ತುಂಬ ಹೊತ್ತು ಕೂತಳು. ಗುರುಬಸವ ಅವಳ ಬೆನ್ನ ಹಿಂದೆ ನೆಲದ ಮೇಲೆ ಕೂತು, ದುಪಟ್ಟಾದ ತುದಿಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡ.

ಅವಳು ಉಂಡಳು.

"ಹಿಂಡಿ ಜಾಸ್ತಿ ಹಚ್ಚ್ಯಾಳ," ಎಂದು ಅಳುತ್ತಲೇ ನಕ್ಕಳು. "ಯಾವಾಗಲೂ ಜಾಸ್ತಿನ ಹಚ್ಚತಿದ್ಲು."

ಮಣೆ ಇನ್ನೊಮ್ಮೆ ಕಿರುಗುಟ್ಟಿತು. ಗಾಜಿನ ಬಳೆಗಳ ಸದ್ದು ಇಬ್ಬರ ನಡುವಿನಿಂದಲೇ ಹಾದು ಹೋದಂತಾಯಿತು. ಶಿವಲೀಲಾಳ ಹಣೆಯ ಮೇಲೆ ಮುಂಗುರುಳು ಸರಿದವು. ಕಿಟಕಿ ಮುಚ್ಚಿತ್ತು. ಆಮೇಲೆ ಹಿಂದಿನ ಬಚ್ಚಲಿನಲ್ಲಿ ತಂಬಿಗೆ ನೀರಲ್ಲಿ ಮುಳುಗಿದ ಸದ್ದು. ನೀರು ಸುರಿಯಿತು. ಮತ್ತೆ ಸುರಿಯಿತು. ಕೈಯನ್ನು ಉಜ್ಜಿ ಉಜ್ಜಿ, ನೆಮ್ಮದಿಯಿಂದ ತೊಳೆದುಕೊಂಡರು ಯಾರೋ. ಕಡೆಗೆ ತಂಬಿಗೆಯನ್ನು ಬೋರಲು ಹಾಕಿದ ಸದ್ದಾಯಿತು, ಮತ್ತೆ ಏನೂ ಇಲ್ಲ.

ಹೋಗಿ ನೋಡಿದರೆ ಬಚ್ಚಲು ಒದ್ದೆಯಾಗಿತ್ತು.

ಶಿವಲೀಲಾ ಗೋಡೆಗೆ ಆತುಕೊಂಡು ಅತ್ತಳು. ಗುರುಬಸವ ಅವಳ ಅಳು ನಿಲ್ಲಿಸಲು ಹೋಗಲಿಲ್ಲ. ಬಹಳ ಹೊತ್ತಾದ ಮೇಲೆ ಅವಳು ಮೂಗು ಒರೆಸಿಕೊಂಡು, ಏನೋ ತಪ್ಪು ಮಾಡಿದವಳ ಹಾಗೆ ಅವನ ಕಡೆ ನೋಡಿದಳು.

"ಸರ್... ನನಗ ಹಸಿವಾಗೇತ್ರಿ."

ಎಷ್ಟೋ ಹುಡುಗಿಯರು ಎಷ್ಟೋ ಹುಡುಗರಿಗೆ ಏನೇನೋ ಮುದ್ದಾದ ಮಾತು ಹೇಳಿರಬಹುದು. ಗುರುಬಸವನಿಗೆ ಅವತ್ತು ಇದಕ್ಕಿಂತ ಚಂದದ ಮಾತು ಬೇಕಿರಲಿಲ್ಲ. ಇನ್ನೊಂದು ತಾಟು ಹುಡುಕಿ ತಂದ. ಇಬ್ಬರೂ ಈರವ್ವನ ಎಡೆಯನ್ನು ಹಂಚಿಕೊಂಡು ಕೂತರು. ಮೇಲೆ ಅವನ ಫೋನು ಹೊಡೆದುಕೊಳ್ಳುತ್ತಿತ್ತು. ಅವನು ಏಳಲಿಲ್ಲ. ಹೆಸರುಕಾಳು ಇಷ್ಟು ಸಿಹಿಯೆಂದು ಅವನ ನಾಲಗೆಗೆ ಅವತ್ತು ಗೊತ್ತಾಯಿತು.

ಅವಳು ರೊಟ್ಟಿ ಅರ್ಧಕ್ಕೇ ನಿಲ್ಲಿಸಿದಳು. "ಇವತ್ತಿಗೆ ಸಾಕ್ರಿ. ಹೊಟ್ಟಿಗೆ ರೂಢಿ ತಪ್ಪೇತಿ. ನಾಳೆ ಇನ್ನೊಂದೀಟು."

"ನಾಳೆ ನಾನೂ ಬರಲೇನ್ರಿ?"

"ಬಿಸ್ಕೀಟು ಮ್ಯಾಲ ಬಿಟ್ಟು ಬರ್ರಿ."

ಅಲ್ಲಿಂದ ಮುಂದೆ ಸಂಜೆ ಆ ಬಾಗಿಲು ತೆರೆದೇ ಇರುತ್ತಿತ್ತು. ದಾಟಿ ಹೋಗುವಾಗ ಚಾಂದಬಿ ಇಣುಕಿ ನೋಡಿ, ನೋಡದವಳ ಹಾಗೆ ನಕ್ಕು ಹೋಗುತ್ತಿದ್ದಳು. ಶಿವಲೀಲಾ ಕೆಲವು ದಿನ ಎರಡು ರೊಟ್ಟಿ ಉಣ್ಣುತ್ತಿದ್ದಳು. ಕೆಲವು ದಿನ ಅವ್ವನ ನೆನಪಾಗಿ ಬರೀ ಮಜ್ಜಿಗೆ ಕುಡಿದು ಏಳುತ್ತಿದ್ದಳು, ಅದಕ್ಕಾಗಿ ತನ್ನನ್ನು ತಾನು ಬೈದುಕೊಳ್ಳುತ್ತಿರಲಿಲ್ಲ. ಕೈ ಎತ್ತಿದರೆ ಮೊಣಕೈಗೆ ಜಾರುತ್ತಿದ್ದ ಬಳೆಗಳು ಮೆಲ್ಲಮೆಲ್ಲಗೆ ಮಣಿಕಟ್ಟಿನಲ್ಲೇ ನಿಲ್ಲತೊಡಗಿದವು.

ಮಾನಮಿ ಅಮಾವಾಸ್ಯೆ ಮತ್ತೆ ಬಂತು. ಇಬ್ಬರೂ ಎಡೆ ಇಟ್ಟು, ಬಾಗಿಲು ಮುಚ್ಚಿ, ಹೊರಗೆ ಕೂತರು. ನಡುವೆ ಗೇಣು ಜಾಗವಿರಲಿಲ್ಲ. ಒಳಗೆ ಸದ್ದೂ ಇರಲಿಲ್ಲ. ಹೋಗಿ ನೋಡಿದರೆ ತಾಟಿನ ಅಂಚು ಸ್ವಚ್ಛವಾಗಿತ್ತು, ತುತ್ತಿರಲಿಲ್ಲ. ಶಿವಲೀಲಾ ಒಂದು ಉಸಿರು ಬಿಟ್ಟು ಊಟಕ್ಕೆ ಕೂತಳು.

ಉಂಡಾದ ಮೇಲೆ ಅವಳು ಉಳಿದ ಅನ್ನ ಮೊಸರು ಕಲಸಿದಳು. ಹಿಂಡಿ ಹಚ್ಚಿದಳು. ದುಂಡಗೆ ಕಟ್ಟಿ ತನ್ನ ತಾಟಿನ ಅಂಚಿಗಿಟ್ಟು, ತಾಟನ್ನು ಅವನ ಕಡೆ ಸ್ವಲ್ಪವೇ ಸರಿಸಿದಳು. ನೆಲದ ಮೇಲೆ ತಾಟು ಸರಿದ ಅದೇ ಸದ್ದು. ಗುರುಬಸವನ ಬೆನ್ನು ಒಮ್ಮೆ ಜುಮ್ ಎಂದಿತು.

"ಇದನ್ನ ನಾ ಉಂಡ್ರ ನೀ ಏಳ್ತಿ," ಎಂದ. "ಉಣ್ಣಂಗಿಲ್ಲ."

"ನನ್ನ ಕೈ ಒಣಗಾಕತ್ತೈತಿ."

"ನಾಳೆ ಮತ್ತ ಇಲ್ಲೇ ಕುಂಡ್ರತೀಯೇನು? ನಾಡದು? ಆಮ್ಯಾಲ?"

"ನೀ ಉಂಡ್ರ ಕುಂಡ್ರತೇನಿ," ಎಂದಳು ಶಿವಲೀಲಾ, ಕಣ್ಣು ಎತ್ತದೆ.

ಅವನು ಮೂರು ಬೆರಳಿನ ಗುರುತಿದ್ದ ಆ ತುತ್ತನ್ನು ಎತ್ತಿ ಬಾಯಿಗಿಟ್ಟುಕೊಂಡ. ಹಿಂಡಿ ಸ್ವಲ್ಪ ಜಾಸ್ತಿಯಾಗಿತ್ತು.