ರಸ್ತೆ ತುಂಬ ಹುರುಳಿ

“ಅದು ಸಾಲ್ದು. ಇನ್ನೊಂದು ದೊಡ್ಡದು ತಾ,” ಎಂದರು ಆವುಲಪ್ಪ ತಾತ.

ಹರಿಣಿ ಚರಂಡಿಯ ಪಕ್ಕದಿಂದ ಇನ್ನೊಂದು ಕಲ್ಲನ್ನು ಎತ್ತಿ, ಹೊಟ್ಟೆಗೆ ಆನಿಸಿಕೊಂಡು ತಂದಳು. ಯೂನಿಫಾರ್ಮಿನ ಮೇಲೆ ಕೆಂಪು ಮಣ್ಣಿನ ಗುರುತು ಬಿತ್ತು.

ತಾತ ಹುರುಳಿ ಗಿಡಗಳನ್ನು ರಸ್ತೆಯ ಮೇಲೆ ಹರಡುತ್ತಿದ್ದರು. ಕೊಯ್ಲಾದ ಮೇಲೆ ನಲ್ಲಗುಟ್ಟಹಳ್ಳಿಯವರೆಲ್ಲ ಹೀಗೇ ಮಾಡುತ್ತಾರೆ. ಬಸ್ಸು, ಟ್ರ್ಯಾಕ್ಟರು, ಟೆಂಪೊ ಅದರ ಮೇಲೆ ಓಡಾಡಿದಂತೆ ಕಾಯಿ ಒಡೆದು ಕಾಳು ಉದುರುತ್ತದೆ. ಸಂಜೆ ಹುಲ್ಲು ತೆಗೆದು, ಕಾಳು ಗುಡಿಸಿ, ತೂರಿಕೊಂಡರೆ ಆಯಿತು.

ಆದರೆ ದಿನಾ ಅರ್ಧ ರಸ್ತೆಗೆ ಹಾಕುತ್ತಿದ್ದ ತಾತ ಇವತ್ತು ಪೂರ್ತಿ ರಸ್ತೆಗೆ ಹಾಕಿದ್ದರು. ಅದೂ ಮೊಣಕಾಲುದ್ದ. ಪಕ್ಕದ ಮಣ್ಣಿನಲ್ಲಿ ಇಳಿದು ಹೋಗೋಣವೆಂದರೆ ಅಲ್ಲಿ ಎರಡೂ ಕಡೆ ಹರಿಣಿ ತಂದಿಟ್ಟ ಕಲ್ಲುಗಳು.

“ತಾತ, ಬಸ್ಸಿನೋರು ಬೈಯಲ್ವಾ?”

“ಬೈದ್ರೆ ಬೈಲಿ ಬಿಡಮ್ಮ. ಒಂದಿನ ತಾನೆ. ಆ ಫೈರ್ ಇಂಜಿನ್ನು ಲೇಟಾಗಿ ಬರ್ಬೇಕು, ಅಷ್ಟೆ.”

ನಿನ್ನೆ ಡೈರಿಯಲ್ಲಿ ಹಾಲು ಹಾಕುವಾಗ ಪಂಚಾಯಿತಿ ಮೆಂಬರ್ ಕೋನಪ್ಪ ಎಲ್ಲರಿಗೂ ಹೇಳಿದ್ದರು. ಈ ಕಡೆ ಹೊಸದಾಗಿ ಒಂದು ಫೈರ್ ಸ್ಟೇಷನ್ ಮಾಡುತ್ತಾರಂತೆ. ಎರಡು ಜಾಗ ನೋಡಿದ್ದಾರಂತೆ. ಒಂದು ನಲ್ಲಗುಟ್ಟಹಳ್ಳಿ ಸ್ಕೂಲಿನ ಹಿಂದಿನ ಬಯಲು, ಇನ್ನೊಂದು ಎರ್ರಗುಂಟೆ ಕ್ರಾಸು. ಗಾಡಿ ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತದೆ ಎಂದು ನೋಡಲು ಇವತ್ತು ಟೌನಿನಿಂದ ಬರುತ್ತಾರೆ.

“ಲೇಟಾದಷ್ಟೂ ನಮ್ಗೇ ಒಳ್ಳೇದು,” ಎಂದಿದ್ದರು ಕೋನಪ್ಪ. “ಪಾಪ, ಈ ಊರು ಬಲು ದೂರ ಐತೆ, ಇಲ್ಲೇ ಸ್ಟೇಷನ್ ಮಾಡಣ ಅಂತಾರೆ.”

ಹರಿಣಿಗೆ ಆ ಮಾತು ಸರಿ ಎನ್ನಿಸಿತ್ತು. ಓಡಿಹೋಗಿ ಇನ್ನೊಂದು ಕಲ್ಲು ತಂದಳು.

ಹೋದ ವರ್ಷ ಚಳಿಗಾಲದಲ್ಲಿ ಹರಿಣಿಯವರ ರೇಷ್ಮೆ ಹುಳದ ಮನೆಗೆ ಬೆಂಕಿ ಬಿದ್ದಿತ್ತು. ಹುಳಕ್ಕೆ ಬೆಚ್ಚಗಿರಲೆಂದು ಇಟ್ಟ ಹೀಟರಿನ ವೈರು ಸುಟ್ಟು, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಗೆ ಹತ್ತಿಕೊಂಡಿತು. ಊರವರೆಲ್ಲ ಬಿಂದಿಗೆಯಲ್ಲಿ ನೀರು ಎರಚಿದರು. ಫೈರ್ ಇಂಜಿನ್ ಬರುವ ಹೊತ್ತಿಗೆ ಸೂರು ಕುಸಿದಿತ್ತು. ಯಾರಿಗೂ ಏನೂ ಆಗಲಿಲ್ಲ. ಹುಳ ಮಾತ್ರ ಒಂದೂ ಉಳಿಯಲಿಲ್ಲ.

ಈಗ ಶೀಟು ಹೊದಿಸಿದ ಹೊಸ ಹುಳದ ಮನೆ ಎದ್ದಿದೆ. ಹೊಸ ಚಂದ್ರಿಕೆಗಳೂ ಗೋಡೆಗೆ ಒರಗಿ ನಿಂತಿವೆ. ಆದರೆ ಅಮ್ಮ ಹುಳ ತರಲಿಲ್ಲ. ತೋಟದ ಹಿಪ್ಪುನೇರಳೆ ಸೊಪ್ಪನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾಳೆ. ಯಾರಾದರೂ ಕೇಳಿದರೆ, “ಫೈರ್ ಸ್ಟೇಷನ್ ಹತ್ರ ಬರಲಿ, ಆಮೇಲೆ ನೋಡಣ” ಎನ್ನುತ್ತಾಳೆ. ಮೊದಲೆಲ್ಲ ಸ್ಕೂಲಿನಿಂದ ಬಂದ ಕೂಡಲೆ ಹುಳಕ್ಕೆ ಸೊಪ್ಪು ಹಾಕುವುದು ಹರಿಣಿಯ ಕೆಲಸ. ಈಗ ಆ ಖಾಲಿ ಕೋಣೆಯ ಬಾಗಿಲಲ್ಲಿ ನಿಂತು, ಸ್ವಲ್ಪ ಹೊತ್ತು ನೋಡಿ, ಬೇರೆ ಕಡೆಗೆ ಹೋಗುತ್ತಾಳೆ.

ಬೆಲ್ ಹೊಡೆಯಿತು. ಹರಿಣಿ ಕೈ ಒರೆಸಿಕೊಂಡು ಸ್ಕೂಲಿಗೆ ಓಡಿದಳು.

ಎರಡನೇ ಪೀರಿಯಡ್ ನಡೆಯುವಾಗ ಕೆಂಪು ಗಾಡಿ ಬಂತು. ಸದ್ದು ಕೇಳಿಸಿ ಬಹಳ ಹೊತ್ತಾದ ಮೇಲೆ ಗಾಡಿ ಕಾಣಿಸಿತು. ಗೇಟಿನ ಹತ್ತಿರ ನಿಂತ ತಕ್ಷಣ ಡ್ರೈವರ್ ಚಲಪತಿ ಇಳಿದು, ಗಾಡಿಯ ಕೆಳಗೆ ಬಗ್ಗಿ, ಹುರುಳಿ ಬಳ್ಳಿಗಳನ್ನು ಎಳೆದೆಳೆದು ಹೊರಗೆ ಹಾಕತೊಡಗಿದ.

“ಏನ್ ಸಾಮಿ, ನಿಮ್ಮೂರಲ್ಲಿ ಒಕ್ಕಣೆ ಮಾಡೋಕೆ ನಮ್ಮನ್ನೇ ಕರೆಸಿದ್ರಾ?” ಎಂದು ಗೇಟಿನಲ್ಲಿ ಕಾಯುತ್ತಿದ್ದ ಕೋನಪ್ಪನವರನ್ನು ಕೇಳಿದ. “ಸೈಲೆನ್ಸರ್ ಬಿಸಿಗೆ ಇದು ಹತ್ಕೊಂಡ್ರೆ ಬೆಂಕಿ ಆರ್ಸೋ ಗಾಡಿಗೇ ಬೆಂಕಿ.”

ಹೊರಗೆ ಓಡಿಬಂದಿದ್ದ ಮಕ್ಕಳು ನಕ್ಕರು. ಹರಿಣಿಯೂ ನಕ್ಕಳು.

ಕೋನಪ್ಪ, ಗಾಡಿಯಿಂದ ಇಳಿದ ಫೈರ್ ಆಫೀಸರ್ ಕವಿತ ಮೇಡಂ ಹತ್ತಿರ ಹೋಗಿ, “ನೋಡಿದ್ರಲ್ಲ ಮೇಡಂ, ಎಷ್ಟೊತ್ತಾಯ್ತು. ನಮ್ಮ ಕಷ್ಟ ನಿಮ್ಗೇ ಗೊತ್ತಾಯ್ತಲ್ಲ,” ಎಂದರು.

ಮೇಡಂ ಮೊಬೈಲಿನಲ್ಲಿ ಟೈಮ್ ನೋಡಿದರು. “ಗೊತ್ತಾಯ್ತು. ಈಗ ಇಲ್ಲಿಂದ ಹೊರಡೋದು ನೋಡೋಣ.”

“ಇಲ್ಲಿಂದ ಎಲ್ಲಿಗೆ?” ಎಂದರು ಕೋನಪ್ಪ.

“ಸ್ಟೇಷನ್ ಇಲ್ಲೇ ಆಯ್ತು ಅಂತ ಇಟ್ಕೊಳ್ಳಿ. ಬೇರೆ ಊರಲ್ಲಿ ಬೆಂಕಿ ಬಿದ್ರೆ ಇಲ್ಲಿಂದ ತಾನೆ ಹೋಗ್ಬೇಕು? ಆಮೇಲೆ ಕ್ರಾಸಿಂದ ಅದೇ ಊರಿಗೆ ಹೋಗಿ ನೋಡ್ತೀವಿ. ಮೇಷ್ಟ್ರೇ, ಕೊತ್ತೂರಿಂದ ಬರೋ ಮಕ್ಕಳು ಯಾರಾದ್ರೂ ಇದಾರಾ? ದಾರಿ ತೋರಿಸ್ಬೇಕು.”

ಕೊತ್ತೂರು ಗಾಡಿ ಬಂದ ರಸ್ತೆಯಲ್ಲೇ, ಎರ್ರಗುಂಟೆ ಕ್ರಾಸಿನ ಆಚೆಗಿತ್ತು. ಅಲ್ಲಿಂದ ಸೈಕಲ್‌ನಲ್ಲಿ ಬರುತ್ತಿದ್ದವಳು ಪ್ರಿಯಾಂಕ ಒಬ್ಬಳೇ. ಹರಿಣಿಯ ಬೆಂಚಿನವಳು. ಅವಳು ಕೈ ಎತ್ತಿದಳು. ಆಮೇಲೆ ಮೆಲ್ಲಗೆ, “ಹರಿಣಿನೂ ಬರ್ಲಿ ಸಾರ್,” ಎಂದಳು.

ರಮೇಶ್‌ಬಾಬು ಮೇಷ್ಟ್ರು ಇಬ್ಬರನ್ನೂ ಹತ್ತಿಸಿ, ತಾವೂ ಹತ್ತಿದರು. ಸೀಟು ಎತ್ತರವಾಗಿತ್ತು. ಅಲ್ಲಿಂದ ನೋಡಿದರೆ ಸ್ಕೂಲಿನ ಕಾಂಪೌಂಡು ಗಿಡ್ಡವಾಗಿ ಕಂಡಿತು.

“ನಿಮ್ಮನೇಲಿ ಹುಳ ಇದೆಯಾ ಪಾಪ?” ಎಂದು ಮೇಡಂ ಪ್ರಿಯಾಂಕಳನ್ನು ಕೇಳಿದರು.

“ಅವೆ ಮೇಡಂ. ನಾಳೆ ನಾಡಿದ್ದು ಚಂದ್ರಿಕೆಗೆ ಬಿಡ್ಬೇಕು.”

“ಹಂಗಾದ್ರೆ ನಿಮ್ಮ ಹುಳದ ಮನೇಲಿ ಬೆಂಕಿ ಅಂತ ಈಗ ಫೋನ್ ಬಂತು. ಸುಮ್ನೆ ಲೆಕ್ಕಕ್ಕೆ. ಹೆದರ್ಕೋಬೇಡ. ಚಲಪತಿ, ಹೊರಡಪ್ಪ.”

ಪ್ರಿಯಾಂಕ ಹೆದರಲಿಲ್ಲ. ಕಿಟಕಿಯಿಂದ ಕೈ ಆಚೆ ಹಾಕಿ ಫ್ರೆಂಡ್ಸಿಗೆ ಟಾಟಾ ಮಾಡಿದಳು. ಆದರೆ ಹರಿಣಿ ಮುಂದಿನ ರಸ್ತೆಯನ್ನೇ ನೋಡುತ್ತ ಕೂತಳು. ಚಂದ್ರಿಕೆ ಹೇಗೆ ಉರಿಯುತ್ತದೆ ಎಂದು ಅವಳು ನೋಡಿದ್ದಳು.

ಸೈರನ್ ಕೂಗಿತು. ಗಾಡಿ ಆಲದ ಮರದ ತಿರುವು ದಾಟಿತು. ದಾಟಿದ್ದೇ ನಿಂತಿತು.

ಮುಂದೆ ರಸ್ತೆ ತುಂಬ ಹುರುಳಿ.

“ಇದರ ಮೇಲೆ ಮತ್ತೆ ಹೋದ್ರೆ ಕೆಳಗೆಲ್ಲ ಸುತ್ಕೊಳ್ಳುತ್ತೆ ಮೇಡಂ,” ಎಂದ ಚಲಪತಿ. “ಪಕ್ಕದಲ್ಲಿ ಇಳಿಸೋಣ ಅಂದ್ರೆ ಕಲ್ಲು. ಯಾರೋ ಪುಣ್ಯಾತ್ಮರು ಸಾಲಾಗಿ ಇಟ್ಟವ್ರೆ.”

ಎತ್ತರದ ಸೀಟಿನಿಂದ ಒಂದೊಂದು ಕಲ್ಲೂ ಚೆನ್ನಾಗಿ ಕಾಣುತ್ತಿತ್ತು. ಕೊನೆಯದು ಹರಿಣಿ ಹೊಟ್ಟೆಗೆ ಆನಿಸಿಕೊಂಡು ತಂದದ್ದು. ಸೈರನ್ ಕೂಗುತ್ತಲೇ ಇತ್ತು. ಮೇಡಂ ಕೈಯಲ್ಲಿದ್ದ ಮೊಬೈಲಿನಲ್ಲಿ ಅಂಕಿಗಳು ಓಡುತ್ತಲೇ ಇದ್ದವು.

“ಬಾಗಿಲು ತೆಗೀರಿ ಸಾರ್,” ಎಂದಳು ಹರಿಣಿ.

ಮೇಷ್ಟ್ರು ಬಾಗಿಲು ತೆಗೆದರು. ಅವಳು ಇಳಿದು ಓಡಿ, ಮೊದಲನೇ ಕಲ್ಲನ್ನು ಎತ್ತಿ ಚರಂಡಿಯ ಆಚೆ ಹಾಕಿದಳು. ಆಮೇಲೆ ಎರಡನೆಯದು. ಪ್ರಿಯಾಂಕಳೂ ಇಳಿದು ಬಂದಳು. ನೆರಳಲ್ಲಿ ಕೂತಿದ್ದ ಆವುಲಪ್ಪ ತಾತ ಎದ್ದರು.

“ಏಯ್ ಹರಿಣಿ, ಅದ್ಯಾಕೆ ತೆಗೀತೀಯಮ್ಮ? ಲೇಟಾಗ್ಲಿ ಬಿಡು.”

“ತಾತ, ಪ್ರಿಯಾಂಕ ಮನೆಗೆ ಹೋಗ್ತಿದೀವಿ.”

“ಅವರ ಮನೇಲೇನಾಯ್ತು?”

“ಹುಳದ ಮನೆಗೆ ಬೆಂಕಿ ಬಿದ್ದೈತೆ,” ಎಂದಳು ಹರಿಣಿ. ಸುಮ್ಮನೆ ಲೆಕ್ಕಕ್ಕೆ ಎನ್ನುವುದು ಅವಳಿಗೆ ಮರೆತೇಹೋಗಿತ್ತು.

ತಾತ ಟವೆಲನ್ನು ತಲೆಗೆ ಸುತ್ತಿಕೊಂಡು ಬಂದು ದೊಡ್ಡ ಕಲ್ಲುಗಳನ್ನು ಉರುಳಿಸಿದರು.

ಗಾಡಿ ಒಂದು ಕಡೆ ವಾಲಿಕೊಂಡು, ಮಣ್ಣಿನಲ್ಲಿ ಇಳಿದು, ಮೆಲ್ಲಗೆ ಮುಂದೆ ಹೋಯಿತು. ಕೊತ್ತೂರಿನಲ್ಲಿ ಪ್ರಿಯಾಂಕಳ ಅಜ್ಜಿ ಲಕ್ಷ್ಮೀನರಸಮ್ಮ ಫೈರ್ ಇಂಜಿನ್ ನೋಡಿ ಗಾಬರಿಯಾಗಿ, ಆಮೇಲೆ ವಿಷಯ ತಿಳಿದು ಎಲ್ಲರಿಗೂ ಮಜ್ಜಿಗೆ ಕೊಟ್ಟರು.

ವಾಪಸು ಬಂದಾಗ ಕೋನಪ್ಪ ಗೇಟಿನಲ್ಲೇ ನಿಂತಿದ್ದರು. “ಜಾಗ ಚೆನ್ನಾಗಿಲ್ವಾ ಮೇಡಂ?”

“ಜಾಗ ಚೆನ್ನಾಗೇ ಇದೆ,” ಎಂದರು ಮೇಡಂ. “ಆದ್ರೆ ಗಾಡಿ ಬಂದು ನಿಂತ್ಕೊಳ್ಳೋಕೆ ಅಲ್ಲ ಸ್ವಾಮಿ ಸ್ಟೇಷನ್ ಮಾಡೋದು. ಹೊರಡೋಕೆ.”

ಯುಗಾದಿಗೆ ಮುಂಚೆ ಎರ್ರಗುಂಟೆ ಕ್ರಾಸಿನಲ್ಲಿ ಫೈರ್ ಸ್ಟೇಷನ್ನಿನ ಬೋರ್ಡು ನೆಟ್ಟರು. ಹರಿಣಿ ಇಟ್ಟ ಕಲ್ಲಿನಿಂದ ಹಾಗಾಯಿತೋ, ಕ್ರಾಸಿನಿಂದ ನಾಲ್ಕು ಕಡೆಗೂ ದಾರಿ ಇರುವುದರಿಂದ ಹಾಗಾಯಿತೋ, ಅವಳಿಗೆ ಯಾರೂ ಹೇಳಲಿಲ್ಲ. ಡೈರಿಯಲ್ಲಿ ಕೋನಪ್ಪ ಸ್ವಲ್ಪ ದಿನ ಆ ವಿಷಯ ಎತ್ತಲಿಲ್ಲ.

ತಾತ ಮಾತ್ರ ಗಾಡಿ ಬಂದುಹೋದ ಮಾರನೇ ದಿನವೇ ಉಳಿದಿದ್ದ ಹುರುಳಿಯನ್ನು ಊರ ಹಿಂದಿನ ಬಂಡೆಯ ಮೇಲೆ ಹಾಕಿ, ಕೋಲಿನಿಂದ ಬಡಿದಿದ್ದರು. “ರಟ್ಟೆ ಬಿದ್ದೋಗುತ್ತೆ,” ಎಂದು ಗೊಣಗುತ್ತಲೇ ಬಡಿದರು. ಹರಿಣಿ ಕಾಳು ಗುಡಿಸಿದಳು.

ಬೋರ್ಡು ನೆಟ್ಟ ದಿನ ಸಂಜೆ ಅಮ್ಮ ಹುಳದ ಮನೆಯ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

“ನಮ್ಮೂರಿಗೆ ಬರ್ಲಿಲ್ವಂತೆ ಸ್ಟೇಷನ್ನು,” ಎಂದಳು.

“ಕ್ರಾಸಿಗೆ ಬಂತಲ್ಲಮ್ಮ.”

“ಕ್ರಾಸು ದೂರ ಅಲ್ವೇನೆ?”

ಆ ಎತ್ತರದ ಸೀಟಿನಿಂದ ಕಂಡ ರಸ್ತೆ ಹರಿಣಿಯ ಕಣ್ಣ ಮುಂದೆ ಬಂತು.

“ರೋಡ್ ಖಾಲಿ ಇದ್ರೆ ಹತ್ರನೇ,” ಎಂದಳು.

ಅಮ್ಮ ಅವಳ ಮುಖ ನೋಡಿದಳು. ಕೈಯಲ್ಲಿದ್ದ ಅವರೆಕಾಯಿ ಬಿಡಿಸಿ ಮುಗಿಸಿದಳು. ಆಮೇಲೆ ಎದ್ದು ಒಳಗೆ ಹೋಗಿ, ಗೋಡೆಗೆ ಒರಗಿಸಿದ್ದ ಚಂದ್ರಿಕೆಯೊಂದನ್ನು ಹಿಡಿದು ಅಲುಗಿಸಿದಳು. ಧೂಳು ಉದುರಿತು.

“ಆ ಕಡೆ ಹಿಡ್ಕೊ,” ಎಂದಳು. “ಆಚೆ ಬಿಸಿಲಿಗೆ ಇಡಣ.”