ಕತ್ತರಿಸಿದ ಮಾತು

ಕಾರಟಗಿಯ ಪುಟ್ಟ ಚರ್ಚಿನ ಬಾಗಿಲು ಮುರಿದು ಬಿದ್ದಿತ್ತು. ಬೆಂಚುಗಳ ಮೇಲೆಲ್ಲ ಕಲ್ಲು, ಗಾಜು. ಹೊರಗೆ ಇನ್ನೂ ಚದುರದ ಗುಂಪು. ಪಾಸ್ಟರ್ ದೇವಪುತ್ರಪ್ಪನ ಹಣೆ ಒಡೆದಿತ್ತು.

ಪಿಎಸ್‌ಐ ವಿಜಯಲಕ್ಷ್ಮಿ ಮೊಬೈಲನ್ನು ಅವನ ಮುಖಕ್ಕೆ ಹಿಡಿದಳು. ಹುಲಿಗಿ ಅಮ್ಮನ ಗುಡಿಯ ಭಕ್ತರನ್ನು ಕೆರಳಿಸಿ ಬೆಳಿಗ್ಗೆಯಿಂದ ಊರೆಲ್ಲ ಹರಿದಾಡಿದ ವಿಡಿಯೊ. ಅದರಲ್ಲಿ ಅವನೇ ನಿಂತು ಹೇಳುತ್ತಿದ್ದ— "ಹುಲಿಗಿಗೆ ಹೋಗಬ್ಯಾಡ್ರಿ, ಅಲ್ಲಿ ದೇವರಿಲ್ಲ."

"ದನಿ ನಿಮ್ದು ಹೌದೋ ಅಲ್ಲೋ?"

"ದನಿ ನಂದೇರಿ. ಆದ್ರ ಮಾತು ಅರ್ಧಾ ಐತಿ. 'ಹುಲಿಗಿಗೆ ಹೋಗಬ್ಯಾಡ್ರಿ, ಅಲ್ಲಿ ದೇವರಿಲ್ಲ ಅಂತ ಯಾರರ ವಿಡಿಯೊ ಕಳಿಸಿದ್ರ ಮುಂದ ಹಂಚಬ್ಯಾಡ್ರಿ'— ನಾ ಹೇಳಿದ್ದು ಇದು."

ಸುಳ್ಳು ವಿಡಿಯೊ ಗುರುತಿಸುವುದು ಹೇಗೆಂದು ಭಾನುವಾರ ಅವನು ಸಭೆಗೆ ಪಾಠ ಹೇಳಿದ್ದ. ಆ ಪಾಠವನ್ನೇ ಯಾರೋ ಕತ್ತರಿಸಿದ್ದರು.

"ಮತ್ಯಾರು? ಪಕ್ಕದ ಮನಿ ಗಾಳೇಶ," ಎಂದ ಚರ್ಚಿನ ಮೈಕು ನೋಡಿಕೊಳ್ಳುವ ಪ್ರಭುದಾಸ. "ಕಿಟಕ್ಯಾಗ ಫೋನ್ ಹಿಡ್ಕೊಂಡು ನಿಂತಿದ್ದ."

ಗುಂಪಿನಿಂದ ಗಾಳೇಶ ಮುಂದೆ ಬಂದ. "ಹಿಡಿದಿದ್ದೆ. ಮೈಕಿನ ಗದ್ದಲ ಎಷ್ಟೈತಿ ಅಂತ ದೂರು ಕೊಡಾಕ. ಇವರ ಚರ್ಚಿನ ವಾಟ್ಸಾಪ್ ಗುಂಪಿಗೂ ಕಳಿಸೀನಿ. ಏನ್ ಮಾಡ್ತೀರಿ?"

ವಿಜಯಲಕ್ಷ್ಮಿ ಅವನ ಫೋನು ಕಸಿದುಕೊಂಡು ಮೂಲ ವಿಡಿಯೊ ಹಚ್ಚಿದಳು. ಫ್ಯಾನಿನ ಸದ್ದು, ಗುಂಯ್‌ಗುಡುವ ಸ್ಪೀಕರು, ಮುಂದಿನ ಸಾಲಿನ ಕೂಸಿನ ಕಿರುಚಾಟ— ಮಾತು ಒಂದೂ ತಿಳಿಯದು. ಆಮೇಲೆ ಊರಲ್ಲಿ ಹರಿದ ವಿಡಿಯೊ ಹಚ್ಚಿದಳು.

"ಇಲ್ಲೂ ಕೂಸು ಬಾಯಿ ತಗದು ಅಳಾಕ್ಹತ್ತೈತಿ. ಅಳೂ ದನಿ ಎಲ್ಲಿ?"

ಅವಳು ಗುಂಪಿನ ಕಡೆ ತಿರುಗಿದಳು.

"ಎಲ್ಲಾರೂ ಪಾಸ್ಟರ್ ಮಾತು ಕೇಳಿದ್ರಿ, ಕೂಸಿನ ಕಡೆ ನೋಡ್ಲಿಲ್ಲ. ಚಿತ್ರ ಗಾಳೇಶ ವಾಟ್ಸಾಪಿಗೆ ಕಳಿಸಿದ್ದು. ದನಿ ಮಾತ್ರ ಮೈಕಿನ ವೈರಿನಿಂದ ನೇರ ಸೌಂಡ್ ಮಿಕ್ಸರಿಗೆ ಹೋಗಿ ರೆಕಾರ್ಡ್ ಆಗಿದ್ದು. ಅದು ಇದ್ದದ್ದು ನಿನ್ನ ಹಂತೇಕ, ಪ್ರಭುದಾಸ. ಪೂರ್ತಿ ರೆಕಾರ್ಡಿಂಗ್ ತಾ."

"ಅಳಿಸೀನಿ."

"ಯಾಕೋ?" ದೇವಪುತ್ರಪ್ಪ ಕೇಳಿದ.

"ಪ್ರಾರ್ಥನಿ ಮಾಡಿದ್ದಕ್ಕ ಕುಂಟ ಎದ್ದು ನಡೆದ ನನ್ನ ವಿಡಿಯೊ ಸುಳ್ಳು ಅಂತ ಎಲ್ಲಾರ ಮುಂದ ಅಂದ್ರಿ. ನನ್ನ ಯೂಟ್ಯೂಬ್ ಚಾನೆಲ್ ಮುಚ್ಚಿಸಿದ್ರಿ."

"ಸುಳ್ಳೇ ಇತ್ತಲ್ಲ."

"ಮಂದಿ ನೋಡ್ತಿದ್ರು. ನಿಮ್ಮ ಪಾಠ ಯಾರು ನೋಡ್ತಾರ? ಈಗ ನೋಡ್ರಿ, ಜಿಲ್ಲಾ ತುಂಬ ನೋಡ್ಯಾರ."

ಪೊಲೀಸರು ಪ್ರಭುದಾಸನನ್ನು ಹೊರಗೆ ಎಳೆದರು. ಕಲ್ಲು ಎಸೆದ ಕೈಗಳೆಲ್ಲ ಈಗ ಫೋನು ಎತ್ತಿ ಅವನ ಮುಖ ಹುಡುಕತೊಡಗಿದವು. ದೇವಪುತ್ರಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಅವನ ಮೇಲೆ ಎಸೆದ.

"ಮುಖ ಮುಚ್ಕೊ," ಎಂದ. ಕ್ಷಮಿಸಿದೆ ಎನ್ನಲಿಲ್ಲ.