ಗೌಸಿಯಾಳ ಟಿಸಿ

ಎರಡನೆಯ ಕ್ಲಾಸಿನ ಹುಡುಗಿಯೊಬ್ಬಳು ಏದುಸಿರು ಬಿಡುತ್ತಾ ಬಂದು ಬಾಗಿಲಲ್ಲಿ ನಿಂತಳು. ಆರನೆಯ ಕ್ಲಾಸಿನಲ್ಲಿ ಗಣಿತದ ಟೆಸ್ಟ್ ನಡೆದಿತ್ತು. ನೂರೀನ ತಲೆ ಎತ್ತಲಿಲ್ಲ. ಆ ಹುಡುಗಿ ಯಾಕೆ ಬಂದಿದ್ದಾಳೆಂದು ಅವಳಿಗೆ ಗೊತ್ತಿತ್ತು.

"ನೂರೀನಕ್ಕನ್ನ ಕಳಸಬೇಕಂತ್ರಿ ಮಿಸ್. ಗೌಸಿಯಾ ಮತ್ತ ಓಡಿ ಹೋಗ್ಯಾಳ."

ನಾಲ್ಕನೆಯ ಲೆಕ್ಕ ಅರ್ಧಕ್ಕೇ ನಿಂತಿತು. ನೂರೀನ ಪೆನ್ನಿಗೆ ಕ್ಯಾಪ್ ಹಾಕಿ ಎದ್ದಳು.

ಗೌಸಿಯಾ ಅವಳ ತಂಗಿ. ಏಳು ವರ್ಷದವಳು, ಎರಡನೆಯ ಕ್ಲಾಸು. ಅವಳಿಗೆ ಮಾತು ಕಡಿಮೆ, ಆಡಿದರೆ ಒಂದೇ ಮಾತನ್ನು ನಾಲ್ಕು ಸಲ ಆಡುತ್ತಾಳೆ. ಹೊಸಬರು ಮುಟ್ಟಿದರೆ ಚೀರುತ್ತಾಳೆ. ಡಾಕ್ಟರು ಅದಕ್ಕೆ ಆಟಿಸಂ ಎಂದು ಹೆಸರು ಹೇಳಿದ್ದರು. ಆದರೆ ಬಸ್ಸಿನ ಬೋರ್ಡು ಓದುವುದರಲ್ಲಿ ಕೂಡ್ಲಿಗಿಯ ಯಾವ ಮಗುವೂ ಅವಳನ್ನು ಮೀರಿಸುವಂತಿರಲಿಲ್ಲ.

ಅವತ್ತು ಅವಳು ಗೇಟು ದಾಟಿ, ರಸ್ತೆಯ ಅಂಚಿನಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದಳು. ಹತ್ತು ಹೆಜ್ಜೆ ಆಚೆ ಲಾರಿಗಳು ಹೋಗುತ್ತಿದ್ದವು. ನೂರೀನ ಅವಳನ್ನು ಮುಟ್ಟಲಿಲ್ಲ. ಎದುರಿಗೆ ಕೂತು ಮೆಲ್ಲಗೆ ಊರುಗಳ ಹೆಸರು ಹೇಳತೊಡಗಿದಳು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ. ಹರಪನಹಳ್ಳಿ ಬರುವಷ್ಟರಲ್ಲಿ ಗೌಸಿಯಾ ಕಿವಿಯಿಂದ ಕೈ ತೆಗೆದಳು.

ಸಂಜೆ ಮನೆಗೆ ಹೆಡ್‌ಮಾಸ್ಟರ್ ಗುರುಶಾಂತ ಸರ್ ಅವರ ಪತ್ರ ಬಂತು. ಮಗುವಿನ ಸುರಕ್ಷತೆಯ ಸಲುವಾಗಿ ಸೋಮವಾರ ಬಂದು ಟಿಸಿ ತೆಗೆದುಕೊಂಡು ಹೋಗಬೇಕು ಎಂದು ಅದರಲ್ಲಿತ್ತು.

ಅಬ್ಬಾ ಅಮ್ಜದ್ ಬೈಕ್ ರಿಪೇರಿ ಮಾಡುವವನು. ಗ್ರೀಸ್ ಹತ್ತಿದ ಕೈಯಲ್ಲೇ ಪತ್ರ ಓದಿದ. ಅವರು ಹೇಳುವುದೂ ಸುಳ್ಳಲ್ಲ, ಲಾರಿ ಕೆಳಗೆ ಸಿಕ್ಕಿದ್ದರೆ ಏನು ಗತಿ, ಮಗಳು ಮನೆಯಲ್ಲೇ ಇರಲಿ ಎಂದ. ಅಮ್ಮಿ ಮಕ್ತುಂಬಿ ಪತ್ರವನ್ನು ಅವನ ಕೈಯಿಂದ ತೆಗೆದುಕೊಂಡಳು. ಮೂರು ಸಲ ಓದಿದಳು.

ನೂರೀನಳಿಗೆ ಮೊದಲು ದುಃಖ ಬರಲಿಲ್ಲ. ಇನ್ನು ಮೇಲೆ ಟೆಸ್ಟ್ ಪೂರ್ತಿ ಬರೆಯಬಹುದು ಅನ್ನಿಸಿತು. ಅನ್ನಿಸಿದ ಕೂಡಲೇ ಅವಳು ಗೌಸಿಯಾಳ ಕಡೆ ನೋಡುವುದನ್ನು ಬಿಟ್ಟಳು. ಊಟ ಮಾಡುವಾಗಲೂ ನೋಡಲಿಲ್ಲ.

ಮರುದಿನ ಅಮ್ಮಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಶಿಕ್ಷಣ ಇಲಾಖೆಯ ಆಫೀಸಿಗೆ ಹೋದಳು. ಅಲ್ಲಿ ಇಂಥ ಮಕ್ಕಳಿಗೆಂದೇ ಇರುವ ಟೀಚರ್ ಹುಲುಗಮ್ಮನವರು ಸಿಕ್ಕರು. ಅವರು ಅಮ್ಮಿಗೆ ಎರಡು ವಿಷಯ ಹೇಳಿ ಕಳಿಸಿದರು. ಶಾಲೆಯಿಂದ ಮಗುವನ್ನು ಹೀಗೆ ಹೊರಗೆ ಹಾಕಲು ಬರುವುದಿಲ್ಲ ಎಂಬುದು ಒಂದು. ಮಗು ಓಡುವುದು ಯಾವಾಗ ಎಂದು ಮೊದಲು ಕಂಡುಹಿಡಿಯಿರಿ ಎಂಬುದು ಇನ್ನೊಂದು.

ಅಮ್ಮಿ ಅದನ್ನು ನೂರೀನಳಿಗೆ ಕೇಳಿದಳು. ಇಷ್ಟು ದಿನ ಎಲ್ಲರೂ ಅವಳಿಗೆ ತಂಗಿಯನ್ನು ಹಿಡಿದು ತಾ ಎಂದು ಹೇಳುತ್ತಿದ್ದರೇ ಹೊರತು ಯಾರೂ ಏನನ್ನೂ ಕೇಳಿರಲಿಲ್ಲ. ಅವಳು ಪಟ್ಟೀ ಪುಸ್ತಕದ ಹಿಂದಿನ ಹಾಳೆಯಲ್ಲಿ ನೆನಪಿದ್ದಷ್ಟನ್ನೂ ಬರೆದಳು. ಗೌಸಿಯಾ ಯಾವ ದಿನ, ಯಾವ ಪೀರಿಯಡ್ ಮುಗಿದ ಮೇಲೆ ಓಡಿದಳು ಎಂದು ಬರೆಯುತ್ತಾ ಬರೆಯುತ್ತಾ ಅವಳ ಪೆನ್ನು ನಿಂತಿತು.

ಸೋಮವಾರ ಅಬ್ಬಾ, ಅಮ್ಮಿ, ನೂರೀನ ಮೂವರೂ ಹೆಡ್‌ಮಾಸ್ಟರ್ ರೂಮಿಗೆ ಹೋದರು. ಗೌಸಿಯಾಳ ಕ್ಲಾಸ್ ಟೀಚರ್ ಶಿವಗಂಗಾ ಮಿಸ್ ಕೂಡ ಅಲ್ಲಿದ್ದರು. ಗುರುಶಾಂತ ಸರ್ ಗದರಲಿಲ್ಲ. ತಮಗೂ ಹೆಣ್ಣುಮಕ್ಕಳಿದ್ದಾರೆ ಎಂದರು. ಫಾರ್ಮನ್ನು ಮುಂದೆ ಸರಿಸಿ ಪೆನ್ನು ಕೊಟ್ಟರು. ಅಬ್ಬಾ ಪೆನ್ನು ತೆಗೆದುಕೊಂಡ. ಅಮ್ಮಿ ಅವನ ಕೈಯ ಮೇಲೆ ಕೈ ಇಟ್ಟಳು.

"ನಾವು ಸೈನ್ ಮಾಡಂಗಿಲ್ರಿ ಸರ್. ಎಂಟನೇ ಕ್ಲಾಸ್ ಮುಗಿಯೋತನಕ ಯಾವ ಮಗೂನೂ ಹೊರಗ ಹಾಕಬಾರದಂತ ಕಾನೂನು ಐತಿ."

"ಕಾನೂನು ನನಗೂ ಗೊತ್ತೈತ್ರಿ," ಎಂದರು ಸರ್. "ಕಾನೂನು ಬಂದು ಲಾರಿ ನಿಲ್ಲಸಂಗಿಲ್ಲಲ್ಲ."

ಅಮ್ಮಿ ನೂರೀನಳ ಕಡೆ ನೋಡಿದಳು. ನೂರೀನ ಮಡಚಿಟ್ಟುಕೊಂಡಿದ್ದ ಹಾಳೆಯನ್ನು ಹೊರಗೆ ತೆಗೆದಳು. ಸುಮ್ಮನೆ ಇದ್ದುಬಿಟ್ಟರೆ ನಾಳೆಯಿಂದ ಯಾರೂ ತನ್ನ ಕ್ಲಾಸಿನ ಬಾಗಿಲಿಗೆ ಬರುವುದಿಲ್ಲ. ಅದು ಅವಳಿಗೆ ಗೊತ್ತಿತ್ತು.

"ಅಕಿ ಸುಮ್ಮಸುಮ್ಮನ ಓಡಂಗಿಲ್ರಿ ಸರ್," ಎಂದಳು. "ಬೆಲ್ ಹೊಡದಾಗಷ್ಟ ಓಡ್ತಾಳ. ಮೊದಲು ಪ್ಯೂನ್ ಜಂಬಣ್ಣ ಕಬ್ಬಿಣದ ಗಂಟಿ ಹೊಡೀತಿದ್ನಲ್ರಿ, ಆವಾಗ ಒಂದ ಸಲಾನೂ ಓಡಿಲ್ಲ. ದಸರಾ ರಜಾ ಆದಮ್ಯಾಲೆ ಕರೆಂಟಿನ ಬೆಲ್ ಹಾಕ್ಯಾರ. ಅದು ಅಕಿ ಕಿಟಕಿ ಮ್ಯಾಲೇ ಐತಿ."

ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. ಶಿವಗಂಗಾ ಮಿಸ್ ಅದನ್ನು ಎತ್ತಿಕೊಂಡು ಓದಿದರು. ಅವರ ಮುಖ ಸಣ್ಣದಾಯಿತು. ಹೌದು ಸರ್, ನಾನು ಲಕ್ಷ್ಯ ಕೊಟ್ಟಿರಲಿಲ್ಲ ಎಂದರು.

ಗುರುಶಾಂತ ಸರ್ ಬಾಗಿಲಿಗೆ ಹೋಗಿ ವರಾಂಡದ ಬೆಲ್ಲನ್ನು ಬಹಳ ಹೊತ್ತು ನೋಡಿದರು. ತಿರುಗಿ ಬಂದು, ಬೆಲ್ಲನ್ನು ಆ ತುದಿಗೆ ಹಾಕಿಸುತ್ತೇನೆ, ಗೇಟಿಗೆ ಚಿಲಕ ಹಾಕಿಸುತ್ತೇನೆ, ಒಂದು ತಿಂಗಳು ನೋಡೋಣ ಎಂದರು. ಒಂದು ತಿಂಗಳು ಮಾತ್ರ. ಟಿಸಿ ಫಾರ್ಮನ್ನು ಅವರು ಹರಿಯಲಿಲ್ಲ, ಡ್ರಾಯರಿಗೆ ಹಾಕಿದರು.

"ಮತ್ತೇನರ ಆದ್ರ ಅಕ್ಕ ಹೆಂಗಿದ್ರೂ ಅದಾಳಲ್ಲ. ಕರೀತೀವಿ," ಎಂದರು.

"ಬ್ಯಾಡ್ರಿ ಸರ್," ಎಂದಳು ಅಮ್ಮಿ. "ನೂರೀನನೂ ಓದಾಕ ಬರ್ತಾಳ. ಹೆಂಗ ಸಮಾಧಾನ ಮಾಡಬೇಕಂತ ಮಿಸ್‌ಗೆ ಒಂದ ಸಲ ಹೇಳಿಕೊಡ್ತಾಳ. ಆಮ್ಯಾಲೆ ಅಕಿನ್ನ ಕ್ಲಾಸಿಂದ ಎಬ್ಬಸಬ್ಯಾಡ್ರಿ."

ನೂರೀನ ನೆಲ ನೋಡುತ್ತಾ ನಿಂತಳು. ಟೆಸ್ಟಿನ ವಿಷಯ ಅವಳು ಅಮ್ಮಿಗೆ ಹೇಳಿಯೇ ಇರಲಿಲ್ಲ.

ಆ ವಾರ ಗೌಸಿಯಾ ಎರಡು ಸಲ ಕ್ಲಾಸಿನಿಂದ ಎದ್ದು ಓಡಿದಳು. ಎರಡು ಸಲವೂ ವರಾಂಡದಲ್ಲೇ ನಿಂತಳು. ಶಿವಗಂಗಾ ಮಿಸ್ ಹೋಗಿ ಎದುರಿಗೆ ಕೂತು, ನೂರೀನ ಹೇಳಿಕೊಟ್ಟಂತೆ ಊರುಗಳ ಹೆಸರು ಹೇಳಿದರು.

ಮುಂದಿನ ಗುರುವಾರ ಮಧ್ಯಾಹ್ನ ನೂರೀನ ಎರಡನೆಯ ಕ್ಲಾಸಿನ ಬಾಗಿಲಿಗೆ ಹೋದಳು. ಗೌಸಿಯಾ ಇನ್ನೊಬ್ಬ ಹುಡುಗಿಯ ಪಕ್ಕ ಕೂತು ಚಪಾತಿ ತಿನ್ನುತ್ತಿದ್ದಳು. ಅಕ್ಕನನ್ನು ನೋಡಿ, "ಹೋಗು. ಹೋಗು. ಹೋಗು. ಹೋಗು," ಎಂದು ಮತ್ತೆ ಚಪಾತಿಗೆ ಕೈ ಹಾಕಿದಳು.

ನೂರೀನಳಿಗೆ ಒಳಗೆ ಎಲ್ಲೋ ಚುರುಕ್ ಎಂದಿತು. ಅವಳಿಗೊಬ್ಬಳಿಗೇ ಗೊತ್ತಿದ್ದದ್ದು ಈಗ ಬೇರೆಯವರಿಗೂ ಗೊತ್ತಾಗಿತ್ತು. ಅದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಳು.

ಮೈದಾನದಲ್ಲಿ ಅವಳ ಕ್ಲಾಸಿನವರು ಖೋಖೋ ಆಡಲು ಸಾಲು ಹಿಡಿದು ಕೂತಿದ್ದರು. ಒಬ್ಬರು ಕಡಿಮೆ ಇದ್ದರು. ನೂರೀನ ಶೂ ಬಿಚ್ಚಿ ಮೆಟ್ಟಿಲ ಮೇಲಿಟ್ಟು, ಆ ಖಾಲಿ ಜಾಗದಲ್ಲಿ ಹೋಗಿ ಕೂತಳು.